ಹಸಿರು ಬಿಲ್ಲೆಯ ಊಟ

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕಚೇರಿಯ ಕೆಲಸ ಮುಗಿದ ಸಂಜೆ ಅಲ್ಲಿನ ಸಹೋದ್ಯೋಗಿಗಳು ನನ್ನನ್ನು ಶುರಾಸ್ಕರಿಯಾಕ್ಕೆ ಕರೆದೊಯ್ದರು. ಕೆಂಡದಲ್ಲಿ ಸುಟ್ಟ ಮಾಂಸವನ್ನು ಮೇಜಿನ ಬಳಿಗೇ ತಂದು ಕೊಯ್ದು ಬಡಿಸುವ ಹೋಟೆಲು ಅದು. ತಟ್ಟೆಯ ಪಕ್ಕದಲ್ಲಿ ಒಂದು ಬಿಲ್ಲೆ ಇತ್ತು. ಹಸಿರು ಮುಖ ಮೇಲಿದ್ದರೆ ತರುತ್ತಲೇ ಇರುತ್ತಾರೆ, ಕೆಂಪಿದ್ದರೆ ಹತ್ತಿರ ಸುಳಿಯುವುದಿಲ್ಲ.

ಮರಗೆಣಸಿನ ಹಿಟ್ಟಿಗೆ ಚೀಸ್ ಬೆರೆಸಿ ಬೇಯಿಸಿದ ಬಿಸಿ ಉಂಡೆಗಳು ಮೊದಲು ಬಂದವು. ಐದಾರು ನುಂಗಿದೆ. ಎದುರಿಗಿದ್ದ ಗೆಳೆಯ ಒಂದನ್ನೂ ಮುಟ್ಟಲಿಲ್ಲ. ಏಕೆಂದು ಅರ್ಥವಾಗುವಷ್ಟರಲ್ಲಿ ತಡವಾಗಿತ್ತು.

ಆಮೇಲೆ ಉದ್ದನೆಯ ಸಲಾಕೆ ಹಿಡಿದವರ ಸಾಲು. ಪಿಕಾನ್ಯಾ ಬಂದಾಗ ತಿನ್ನುವುದನ್ನು ಮರೆತು ಕೊಯ್ಯುವವನ ಕೈಯನ್ನೇ ನೋಡುತ್ತ ಕುಳಿತೆ. ದನದ ಹಿಂಭಾಗದ ಆ ತುಂಡನ್ನು ಕೊಬ್ಬು ಹೊರಗಿರುವಂತೆ ಬಾಗಿಸಿ ಪೋಣಿಸಿರುತ್ತಾರೆ. ಮಸಾಲೆಯ ಸುಳಿವಿಲ್ಲ, ಬರೀ ಕಲ್ಲುಪ್ಪು. ಚಾಕು ಬೆಂದ ಹೊರಪದರವನ್ನಷ್ಟೇ ತೆಳುವಾಗಿ ಇಳಿಸುತ್ತದೆ. ಬಾಗಿ ಬರುವ ಆ ಪದರವನ್ನು ನಾವೇ ಚಿಮಟದಲ್ಲಿ ಹಿಡಿದುಕೊಳ್ಳಬೇಕು. ನಾನು ಅವಸರದಲ್ಲಿ ಇಡೀ ತುಂಡನ್ನೇ ಹಿಡಿದು ಎಳೆದೆ. ಪಾಪ, ಆತ ನಗಲಿಲ್ಲ. ಒಳಗಿನ ಕೆಂಪು ಮಾಂಸ ಮತ್ತೆ ಕೆಂಡಕ್ಕೆ ಹೋಗಿ, ಹೊಸದಾಗಿ ಕಂದಿದ ಮೈಯೊಂದಿಗೆ ಮರಳುತ್ತದೆ. ಹಾಗಾಗಿ ಕೊನೆಯ ಮೇಜಿನವನಿಗೂ ಗರಿಗರಿ ಅಂಚು ಸಿಗುತ್ತದೆ.

ಸಾಸೇಜು, ಕೋಳಿಯ ಹೃದಯ, ಇನ್ನೂ ಏನೇನೋ ಬಂದವು. ಸಾಕೆಂದು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದೆ. ಪಂಕ್ತಿಯೂಟದ ಅಭ್ಯಾಸ! ಬಿಲ್ಲೆ ಮಾತ್ರ ಹಸಿರಾಗಿಯೇ ಮಲಗಿತ್ತು.

ಕೊನೆಗೆ ಬಂದದ್ದು ಕುಪಿಂ, ಗೂಳಿಯ ಡುಬ್ಬ. ಪೋರ್ಚುಗೀಸಿನಲ್ಲಿ ಆ ಪದಕ್ಕೆ ಗೆದ್ದಲು ಎಂಬ ಅರ್ಥವಿದೆ. ಡುಬ್ಬ ಹುತ್ತದಂತೆ ಕಾಣುವುದರಿಂದ ಆ ಹೆಸರಂತೆ. ಹುತ್ತಕ್ಕೆ ಕೈ ಹಾಕಬೇಡ ಎಂದು ಕೇಳಿಕೊಂಡು ಬೆಳೆದವನು ನಾನು. ಗಂಟೆಗಟ್ಟಲೆ ಬೆಂದರಷ್ಟೇ ಮೆತ್ತಗಾಗುವ ಮಾಂಸ ಅದು. “ಇದು ನಿಮ್ಮ ಕಡೆಯದೇ” ಎಂದ ಗೆಳೆಯ. ಬ್ರೆಜಿಲ್‌ನ ಹುಲ್ಲುಗಾವಲುಗಳನ್ನು ತುಂಬಿರುವ ನೆಲೋರ್ ತಳಿ ಆಂಧ್ರದ ಒಂಗೋಲು ದನಗಳ ಸಂತಾನ, ಹೆಸರು ನೆಲ್ಲೂರಿನದು.

ಸಂಕ್ರಾಂತಿಯ ಸಂಜೆ ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಅದೇ ಕೈಯಿಂದ ಡುಬ್ಬ ಸವರಿದ್ದು ನೆನಪಾಯಿತು. ಸಲಾಕೆ ತಟ್ಟೆಯ ಮೇಲೆ ಕಾಯುತ್ತಿತ್ತು. ಚಿಮಟ ಚಾಚಿದೆ. ತುಂಡು ಬಾಯಲ್ಲಿ ಬೆಣ್ಣೆಯಂತೆ ಕರಗಿತು.

ಆಮೇಲೆ ಬಿಲ್ಲೆಯನ್ನು ಮಗುಚಿದೆ.