ಸಾಕಿದ ಹಾವು ಕಚ್ಚಿದರೆ ಎಳೀಬೇಡಿ

ಮನೆಯಲ್ಲಿ ಹಾವಿದೆ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ. ಕಚ್ಚಲ್ವಾ?

ಕಚ್ಚುತ್ತದೆ. ಬಾಯಿರುವ ಪ್ರಾಣಿ ಯಾವುದಾದರೂ ಒಂದಲ್ಲ ಒಂದು ದಿನ ಕಚ್ಚುತ್ತದೆ. ನಮ್ಮ ಪುಣೆಯ ಫ್ಲ್ಯಾಟಿನಲ್ಲಿರುವುದು ಬಾಲ್ ಪೈಥಾನ್. ಆಫ್ರಿಕಾದ ಪುಟ್ಟ ಜಾತಿಯ ಹೆಬ್ಬಾವು, ನಾಲ್ಕಡಿ ಉದ್ದ, ವಿಷ ಇಲ್ಲ. ಹೆದರಿದರೆ ತಲೆಯನ್ನು ಮೈಯೊಳಗೆ ಬಚ್ಚಿಟ್ಟುಕೊಂಡು ಉಂಡೆಯಾಗಿ ಕೂತುಬಿಡುತ್ತದೆ. ತಂದವನು ನನ್ನ ಮೈದುನ, ಸಾಕುವುದೂ ಅವನೇ, ಆದರೆ ಅವನು ಆಫೀಸಿನಲ್ಲಿದ್ದಾಗ ನೀರು ಬದಲಿಸುವವಳು ನಾನು. ಹುಬ್ಬಳ್ಳಿಯಿಂದ ಬರುವ ನಮ್ಮ ಅತ್ತೆ ಪ್ರತಿ ಪಂಚಮಿಗೆ ತಪ್ಪದೆ ಹುತ್ತಕ್ಕೆ ಹಾಲೆರೆಯುವವರು. ಆ ಕೋಣೆಗೆ ಮಾತ್ರ ಕಾಲಿಡುವುದಿಲ್ಲ. "ನಾಗಪ್ಪ ಹುತ್ತದಾಗ ಇರಬೇಕು, ಕಪಾಟಿನ್ಯಾಗಲ್ಲ" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಇಂಥ ಹಾವು ಕಚ್ಚುವುದರಲ್ಲಿ ಎರಡು ಬಗೆ. ಒಂದು ಹೆದರಿ ಕಚ್ಚುವುದು. ಕುತ್ತಿಗೆಯನ್ನು ಹಿಂದಕ್ಕೆ ಮಡಚಿ, ಬುಸ್ ಅಂದು, ಚಟಕ್ಕನೆ ಹೊಡೆದು ಬಿಟ್ಟುಬಿಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ, ಕೈ ಮೇಲೆ ಸೂಜಿ ಚುಚ್ಚಿದಂಥ ಚುಕ್ಕಿಗಳ ಸಾಲಷ್ಟೇ ಉಳಿಯುತ್ತದೆ. ಪೊರೆ ಬಿಡುವ ಮುಂಚೆ ಅದರ ಕಣ್ಣು ಮಬ್ಬಾಗಿ ನೀಲಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ಸರಿಯಾಗಿ ಕಾಣಿಸುವುದಿಲ್ಲ, ಹಾಗಾಗಿ ಸಿಡುಕು ಜಾಸ್ತಿ. ಆ ದಿನಗಳಲ್ಲಿ ಸುಮ್ನೆ ಅದರ ಪಾಡಿಗೆ ಬಿಡಬೇಕು.

ಎರಡನೆಯದು ಊಟ ಅಂದುಕೊಂಡು ಕಚ್ಚುವುದು. ಬಾಲ್ ಪೈಥಾನಿಗೆ ತುಟಿಯ ಅಂಚಿನಲ್ಲಿ ಶಾಖ ಗುರುತಿಸುವ ಸಣ್ಣ ಕುಳಿಗಳಿವೆ. ಪೆಟ್ಟಿಗೆಯೊಳಗೆ ಇಲಿಯ ವಾಸನೆ ತುಂಬಿರುವಾಗ ಒಂದು ಬೆಚ್ಚಗಿನ ಕೈ ಬಂದರೆ ಅದಕ್ಕೆ ಅದು ಕೈ ಅಲ್ಲ, ಇಲಿ. ಮೈದುನನಿಗೆ ಆದದ್ದು ಇದೇ. ಹಾವಿನ ಊಟಕ್ಕೆಂದು ಫ್ರೀಜರಿನಲ್ಲಿದ್ದ ಸತ್ತ ಇಲಿಯನ್ನು ಕರಗಲು ಇಟ್ಟು, ಆ ಹೊತ್ತಿನಲ್ಲೇ ಒಳಗಿನ ನೀರಿನ ಬಟ್ಟಲು ತೆಗೆಯಲು ಹೋಗಿದ್ದ. ಹೆಬ್ಬೆರಳಿನ ಬುಡಕ್ಕೆ ಹಲ್ಲು ಕೂತಿತು, ಮಣಿಕಟ್ಟಿಗೆ ಎರಡು ಸುತ್ತು ಬಿತ್ತು. ಈ ಬಗೆಯ ಕಡಿತದಲ್ಲಿ ಹಾವು ಬಿಡುವುದಿಲ್ಲ. ಹಿಡಿದೇ ಇರುತ್ತದೆ, ಬಿಗಿ ಮಾಡುತ್ತಾ ಹೋಗುತ್ತದೆ.

ಆಗ ಯಾರಿಗಾದರೂ ಅನಿಸುವುದು ಕೈ ಕಿತ್ತುಕೊಳ್ಳಬೇಕು ಅಂತ. ಬೇಡ. ಹೆಬ್ಬಾವಿನ ಹಲ್ಲುಗಳು ಗಂಟಲಿನ ಕಡೆಗೆ ಬಾಗಿರುತ್ತವೆ, ಮೀನಿನ ಗಾಳದ ಹಾಗೆ. ಒಳಕ್ಕೆ ಹೋಗಲು ಸಲೀಸು, ಹೊರಕ್ಕೆ ಎಳೆದರೆ ಚರ್ಮ ಸೀಳುತ್ತದೆ, ಹಾವಿನ ಹಲ್ಲೂ ಮುರಿದು ಮಾಂಸದಲ್ಲಿ ಉಳಿಯುತ್ತದೆ. ಕಡಿತಕ್ಕಿಂತ ಎಳೆದದ್ದೇ ದೊಡ್ಡ ಗಾಯವಾಗುತ್ತದೆ. ಕೈಯನ್ನು ಅಲುಗಾಡಿಸದೆ, ಹಾವಿನ ಮೈಗೆ ಕೆಳಗಿನಿಂದ ಆಸರೆ ಕೊಟ್ಟು ಕೂತರೆ ಎಷ್ಟೋ ಸಲ ಇದು ಊಟ ಅಲ್ಲ ಅಂತ ಅದಕ್ಕೇ ಗೊತ್ತಾಗಿ ಬಿಡುತ್ತದೆ. ಬಿಡದಿದ್ದರೆ ನಲ್ಲಿ ಕೆಳಗೆ ಹಿಡಿದು ತಲೆಯ ಮೇಲೆ ತಣ್ಣೀರು ಬಿಡಿ. ಅದಕ್ಕೂ ಜಗ್ಗದಿದ್ದರೆ ಬಾಯಿಯ ಅಂಚಿಗೆ ಸ್ಯಾನಿಟೈಸರ್ ಅಥವಾ ಮೌತ್‌ವಾಶ್ ನಾಲ್ಕು ಹನಿ. ಇದು ಕೊನೆಯ ದಾರಿ, ಹಾವಿನ ಬಾಯಿ ಉರಿಯುತ್ತದೆ ಪಾಪ. ಸುತ್ತು ಬಿಡಿಸುವಾಗ ಬಾಲದ ತುದಿಯಿಂದ ಶುರು ಮಾಡಬೇಕು, ತಲೆಯ ಕಡೆಯಿಂದಲ್ಲ. ತಲೆಯ ಕಡೆ ಬಲ ಜಾಸ್ತಿ. ಬಾಯಿ ಬಿಡಿಸಲೇಬೇಕಾದರೆ ತಲೆಯನ್ನು ಮೊದಲು ಸ್ವಲ್ಪ ಮುಂದಕ್ಕೆ, ಅಂದರೆ ಕೈಯ ಕಡೆಗೇ ಒತ್ತಿ, ಹಲ್ಲು ಸಡಿಲವಾದ ಮೇಲೆ ಎತ್ತಬೇಕು.

ಆಮೇಲಿನದು ಸರಳ. ಹರಿಯುವ ನೀರು, ಸೋಪು, ಚೆನ್ನಾಗಿ ತೊಳೆಯುವುದು, ಮೇಲೆ ಬೆಟಾಡಿನ್. ರಕ್ತ ನೋಡಿದರೆ ಭಯವಾಗುವಷ್ಟು ಬರುತ್ತದೆ, ಒಂದು ಸ್ವಚ್ಛ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಟಿ.ಟಿ. ಚುಚ್ಚಿಸಿಕೊಂಡು ವರ್ಷಗಳಾಗಿದ್ದರೆ ಡಾಕ್ಟರನ್ನು ಕೇಳಿ. ರೇಬಿಸ್ ಇಂಜೆಕ್ಷನ್ ಬೇಕಾ ಅಂತ ಪಕ್ಕದ ಮನೆಯ ಕಾಕು ಕೇಳಿದರು. ರೇಬಿಸ್ ಹಾಲೂಡುವ ಪ್ರಾಣಿಗಳ ರೋಗ, ಹಾವಿನಿಂದ ಬರುವುದಿಲ್ಲ. ಬರಬಹುದಾದದ್ದು ಗಾಯದ ಸೋಂಕು. ಎರಡು ಮೂರು ದಿನದಲ್ಲಿ ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ, ಒಳಗೆ ಏನೋ ಚುಚ್ಚಿದ ಹಾಗಿದ್ದರೆ ತೋರಿಸಲೇಬೇಕು. ಮುಖಕ್ಕೆ, ಕಣ್ಣಿನ ಹತ್ತಿರ, ಕೀಲಿನ ಮೇಲೆ ಕಚ್ಚಿದ್ದರೆ ಕಾಯಲೂ ಹೋಗಬೇಡಿ.

ಹಾಗ್‌ನೋಸ್ ಸಾಕುವವರಿಗೆ ಒಂದು ಮಾತು. ಈ ಅಮೆರಿಕದ ಹಾವಿಗೆ ಹಿಂದಿನ ಹಲ್ಲಿನಲ್ಲಿ ಸೌಮ್ಯ ವಿಷ ಇದೆ. ತುಂಬಾ ಹೊತ್ತು ಜಗಿದರೆ ಕೈ ಊದಿಕೊಳ್ಳುತ್ತದೆ, ಊತ ಇಳಿಯಲು ದಿನಗಳೇ ಬೇಕು. ಅದು ಹಿಡಿದರೆ ಕಾಯುತ್ತಾ ಕೂರಬೇಡಿ, ತಣ್ಣೀರಿನಿಂದ ಬೇಗ ಬಿಡಿಸಿ.

ನಿಜವಾದ ತೊಂದರೆ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ. ಕ್ಯಾಜುವಾಲ್ಟಿಯಲ್ಲಿ "ಹಾವು ಕಚ್ಚಿದೆ" ಅಂದರೆ ಯಾರೂ ನಗುವುದಿಲ್ಲ, ನಗಲೂಬಾರದು. ನಮ್ಮ ದೇಶದಲ್ಲಿ 2000ರಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅನ್ನುವ ಅಂದಾಜಿದೆ. ಹಾಗಾಗಿ ಡಾಕ್ಟರ್ ಮೊದಲು ಕೇಳುವುದು ನಾಗ್, ಘೋಣಸ್, ಫುರ್ಸೆ, ಮಣ್ಯಾರ್ ಇವುಗಳಲ್ಲಿ ಯಾವುದಾದರೂ ಇರಬಹುದಾ ಅಂತ. ಇವು ಮರಾಠಿ ಹೆಸರುಗಳು, ನಮ್ಮ ಕಡೆ ನಾಗರಹಾವು, ಕೊಳಕುಮಂಡಲ, ಗರಗಸ ಮಂಡಲ, ಕಟ್ಟುಹಾವು. ಇಲ್ಲಿ ಸಿಗುವ ವಿಷನಿರೋಧಕ ಸೀರಂ ಇರುವುದು ಈ ನಾಲ್ಕಕ್ಕೆ. ಕುದುರೆಯ ರಕ್ತದಿಂದ ತಯಾರಿಸುತ್ತಾರಲ್ಲ, ಅದೇ. ಬೇಕಾದವನಿಗೆ ಅದು ಜೀವ ಉಳಿಸುವ ಮದ್ದು. ಬೇಡದವನಿಗೆ ಚುಚ್ಚಿದರೆ ತೀವ್ರ ಅಲರ್ಜಿಯ ಅಪಾಯ ಸುಮ್ಮನೆ ಮೈಮೇಲೆ ಬರುತ್ತದೆ.

ಅದಕ್ಕೇ ಮೈದುನ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ್ದಾನೆ. ಜಾತಿಯ ಹೆಸರು, ವೈಜ್ಞಾನಿಕ ಹೆಸರು ಪೈಥಾನ್ ರೀಜಿಯಸ್, ವಿಷವಿಲ್ಲ, ಇಷ್ಟೇ. ಆ ಚೀಟಿಯ ಫೋಟೋ, ಹಾವಿನ ಫೋಟೋ ನಮ್ಮೆಲ್ಲರ ಮೊಬೈಲಿನಲ್ಲೂ ಇವೆ. ಮೈದುನನಿಗೆ ಕಚ್ಚಿದ ದಿನ ಡಾಕ್ಟರ್ ಫೋಟೋ ನೋಡಿದರು, ಆದರೂ ಒಂದು ಗಾಜಿನ ಟ್ಯೂಬಿಗೆ ರಕ್ತ ತೆಗೆದು ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಓರೆ ಮಾಡಿ ನೋಡಿದರು. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷದ ಅನುಮಾನ. ಗಟ್ಟಿಯಾಗಿತ್ತು. ಮೈದುನನಿಗೆ ಸಿಟ್ಟು ಬಂದಿತ್ತು, ನನಗೆ ಅವರು ಮಾಡಿದ್ದು ಸರಿ ಅನಿಸಿತು. ನಾವು ಹೇಳಿದ್ದನ್ನೆಲ್ಲ ಅವರು ಯಾಕೆ ನಂಬಬೇಕು?

ಹಲ್ಲಿನ ಗುರುತು ನೋಡಿ ವಿಷ ಇದೆಯೋ ಇಲ್ಲವೋ ಹೇಳುವವರನ್ನು ಮಾತ್ರ ನಂಬಬೇಡಿ. ಕಟ್ಟುಹಾವು ಕಚ್ಚಿದ ಗುರುತು ಕಾಣಿಸದೇ ಇರಬಹುದು, ನೋವೂ ಇರುವುದಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಅದರ ಹಾಗೇ ಕಾಣುವ ತೋಳಹಾವಿಗೆ ವಿಷ ಇಲ್ಲ, ಬಾತ್‌ರೂಮಿನಲ್ಲಿ ಎರಡನ್ನೂ ಬೇರೆ ಮಾಡಿ ಹೇಳುವುದು ನಮ್ಮಂಥವರ ಕೆಲಸ ಅಲ್ಲ. ಹೊರಗಿನ ಹಾವು ಕಚ್ಚಿದರೆ ಈ ತಣ್ಣೀರು, ಬೆಟಾಡಿನ್ ಎಲ್ಲ ಮರೆತುಬಿಡಿ. ಉಂಗುರ, ಬಳೆ ತೆಗೆಯಿರಿ, ಕೈಕಾಲು ಅಲುಗಾಡಿಸಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿ.

ಊರಿನ ಕೇರೆ ಹಾವನ್ನೋ ನಮ್ಮ ದೇಶದ ಹೆಬ್ಬಾವನ್ನೋ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಬಾಲ್ ಪೈಥಾನಿನಂಥ ಹೊರದೇಶದ ಹಾವಿಗೂ 2024ರ ನಿಯಮದ ಪ್ರಕಾರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಆ ಕಾಗದ ಇಲ್ಲದವರು ಕಚ್ಚಿಸಿಕೊಂಡಾಗ ಡಾಕ್ಟರ್ ಹತ್ತಿರ ಸುಳ್ಳು ಹೇಳುತ್ತಾರೆ, ನಾಯಿ ಅಂತಲೋ ಗಾಜು ಅಂತಲೋ. ಇದಕ್ಕಿಂತ ಅಪಾಯ ಬೇರೆ ಇಲ್ಲ. ಇನ್ನು ಹೊರದೇಶದ ವಿಷದ ಹಾವು ಸಾಕುವ ಆಸೆ ಇರುವವರೂ ಇದ್ದಾರಂತೆ. ಅದಕ್ಕೆ ಇಲ್ಲಿನ ಸೀರಂ ನಾಟುವುದಿಲ್ಲ ಮಾರಾಯರೇ, ಆ ಆಸೆ ಬಿಟ್ಟುಬಿಡಿ.

ಈಗ ನಮ್ಮ ಮನೆಯಲ್ಲಿ ಇಲಿ ಕೊಡುವುದು ಉದ್ದ ಇಕ್ಕಳದಲ್ಲೇ. ಪೆಟ್ಟಿಗೆ ತೆಗೆದ ಕೂಡಲೇ ಹಾವು ಎತ್ತುವ ಕೊಕ್ಕೆಕೋಲು, ಅಂದರೆ ಹುಕ್ಕಿನಿಂದ ಹಾವಿನ ಮೈ ಮೆಲ್ಲಗೆ ತಟ್ಟುತ್ತೇವೆ, ಇದು ಊಟ ಅಲ್ಲ ಅಂತ ಅದಕ್ಕೆ ತಿಳಿಯಲಿ ಅಂತ. ತಿಂದ ಮೇಲೆ ಎರಡು ದಿನ ಯಾರೂ ಮುಟ್ಟುವುದಿಲ್ಲ.

ಕಚ್ಚಿದ ಹಾವಿನ ಬಾಯಿಯನ್ನೂ ಆಮೇಲೆ ಗಮನಿಸುತ್ತಿರಬೇಕು. ಮುರಿದ ಹಲ್ಲು ಮತ್ತೆ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಒಸಡು ಊದಿ ಮೊಸರಿನಂಥ ಬಿಳಿ ಕಟ್ಟಿಕೊಂಡರೆ ಮಾತ್ರ ಹಾವು ನೋಡುವ ಪಶುವೈದ್ಯರು ಬೇಕು. ಪುಣೆಯಲ್ಲೂ ಅಂಥವರು ಕಡಿಮೆ. ನಂಬರ್ ಈಗಲೇ ಹುಡುಕಿಟ್ಟುಕೊಳ್ಳಿ.