ಗಾದೆಯ ಹಿಂದಿನ ಕಸುಬು

ನಾವು ಓದುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ಗಾದೆಯೆಂದರೆ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆಯಬೇಕಾದ ಒಂದು ಸಾಲು, ಅಷ್ಟೆ. ಯಾವ ಗಾದೆ ಬಂದರೂ ಗೈಡಿನ ಅದೇ ಪೀಠಿಕೆ, ಅದೇ ಉಪದೇಶ. ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರಿಗೆ ಈ ಕಂಠಪಾಠ ಹಿಡಿಸುತ್ತಿರಲಿಲ್ಲ. ಗಾದೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ನೀತಿಯ ಮಾತನ್ನು ಆಮೇಲೆ ನೋಡೋಣವೆಂದು ಬದಿಗಿರಿಸಿ, ಇದನ್ನು ಆಡಿದವರ ಕಸುಬು ಯಾವುದಿದ್ದೀತು ಹೇಳಿ ಎಂದು ಅವರು ಕೇಳುತ್ತಿದ್ದರು.

ಅವರು ಹೆಚ್ಚು ಹೊತ್ತು ನಿಂತದ್ದು 'ಮೇಕ್ ಹೇ ವೈಲ್ ದ ಸನ್ ಶೈನ್ಸ್', ಅಂದರೆ ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ ಎಂಬ ಗಾದೆಯ ಬಳಿ. ಹುಲ್ಲೆಂದರೆ ನಮ್ಮ ಕಣ್ಣಿಗೆ ಕಟ್ಟುತ್ತಿದ್ದುದು ಭತ್ತ ಬಡಿದ ಮೇಲೆ ಉಳಿದು ಬಣವೆ ಸೇರುವ ಹುಲ್ಲು. ಇಂಗ್ಲೆಂಡಿನಲ್ಲಿ ಹಾಗಲ್ಲ, ಅಲ್ಲಿ ಹುಲ್ಲೇ ಒಂದು ಬೆಳೆ. ಬೇಸಿಗೆಯಲ್ಲಿ ಹಸಿರಾಗಿರುವಾಗಲೇ ಕುಯ್ದು, ಹೊಲದಲ್ಲಿ ಹರಡಿ, ಮತ್ತೆ ಮತ್ತೆ ತಿರುವಿ ಹಾಕಿ, ಒಂದೇ ಸಮನೆ ಕೆಲವು ದಿನ ಬಿಸಿಲು ಸಿಕ್ಕರೆ ಮಾತ್ರ ಅದು ಚೆನ್ನಾಗಿ ಒಣಗುತ್ತದೆ. ನಡುವೆ ಮಳೆ ಹಿಡಿದರೆ ಹುಲ್ಲು ಕೊಳೆಯುತ್ತದೆ, ಚಳಿಗಾಲದಲ್ಲಿ ದನಗಳಿಗೆ ಮೇವಿರುವುದಿಲ್ಲ. ಮಳೆಯನ್ನು ನಂಬಲಾಗದ ಆ ದೇಶದ ರೈತನ ಆತುರವೇ ಈ ಮಾತಾಯಿತು. ಇಂಗ್ಲಿಷ್ ನಾಟಕಕಾರ ಜಾನ್ ಹೇವುಡ್ 1546ರಲ್ಲಿ ಅಚ್ಚು ಮಾಡಿಸಿದ ಗಾದೆಗಳ ಪದ್ಯಸಂವಾದದಲ್ಲಿ ಇದು ಸೇರಿದೆ. ಇಷ್ಟು ವಿವರಿಸಿದ ಮೇಲೆಯೇ ಮೇಷ್ಟ್ರು ನಮ್ಮ 'ಗಾಳಿ ಬಂದಾಗ ತೂರಿಕೋ' ಎಂಬುದನ್ನು ಪಕ್ಕದಲ್ಲಿ ಬರೆದದ್ದು. ಅಲ್ಲಿ ಹುಲ್ಲುಗಾವಲು, ಇಲ್ಲಿ ಕಣ. ಅವರು ಬಿಸಿಲಿಗೆ ಕಾಯುತ್ತಾರೆ, ನಾವು ಗಾಳಿಗೆ.

ಪುಡಿಂಗಿನ ರುಚಿ ತಿಂದರೇ ಗೊತ್ತು ಎಂಬ ಗಾದೆಗೆ ನಮ್ಮಲ್ಲನೇಕರು ಬೇಕರಿಯ ಸಿಹಿತಿಂಡಿಯನ್ನು ನೆನೆದಿದ್ದೆವು. 17ನೆಯ ಶತಮಾನದಲ್ಲಿ ಇತಿಹಾಸಕಾರ ವಿಲಿಯಂ ಕ್ಯಾಮ್ಡನ್ ತನ್ನ ಸಂಗ್ರಹದಲ್ಲಿ ಇದನ್ನು ಸೇರಿಸಿದಾಗ ಪುಡಿಂಗ್ ಎಂದರೆ ಬಹುಮಟ್ಟಿಗೆ ಪ್ರಾಣಿಯ ಕರುಳಿನೊಳಗೆ ಕೊಚ್ಚಿದ ಮಾಂಸ, ಧಾನ್ಯ, ಮಸಾಲೆ ತುಂಬಿ ಬೇಯಿಸಿದ ಅಡುಗೆ. ಒಳಗಿನ ಮಾಂಸ ಹಳಸಿದೆಯೋ ಇಲ್ಲವೋ ಹೊರಗಿನಿಂದ ತಿಳಿಯದ ಕಾರಣ, ತಿನ್ನುವುದು ನಿಜಕ್ಕೂ ಪರೀಕ್ಷೆಯೇ ಆಗಿತ್ತು. ಇದನ್ನು ಕೇಳಿದ ದಿನ ತರಗತಿಯ ಸಸ್ಯಾಹಾರಿಗಳ ಮುಖ ನೋಡುವಂತಿತ್ತು.

ಅರ್ಧ ಪೆನ್ನಿಯ ಟಾರಿಗೆ ಜಿಪುಣತನ ಮಾಡಿ ಹಡಗನ್ನೇ ಕೆಡಿಸಬೇಡ ಎಂಬ ಗಾದೆಯಲ್ಲಂತೂ ಕಸುಬೇ ಬದಲಾಗಿಬಿಟ್ಟಿದೆ. ಮೂಲದಲ್ಲಿದ್ದದ್ದು ಹಡಗಲ್ಲ, ಕುರಿ. ಕುರಿಯ ಗಾಯಕ್ಕೆ ನೊಣ ಮುತ್ತದಂತೆ ಕುರುಬರು ಟಾರು ಬಳಿಯುತ್ತಿದ್ದರು. ಆ ಸಣ್ಣ ಖರ್ಚಿಗೆ ಹಿಂಜರಿದವನ ಕುರಿ ಸಾಯುತ್ತಿತ್ತು. ಇಂಗ್ಲೆಂಡಿನ ಹಲವು ಸೀಮೆಗಳ ಆಡುನುಡಿಯಲ್ಲಿ 'ಶೀಪ್' ಎಂಬುದು 'ಶಿಪ್' ಎಂದೇ ಕೇಳಿಸುತ್ತಿದ್ದುದರಿಂದಲೂ, ಹಡಗಿನ ಹಲಗೆಗಳ ಸಂದಿಗೂ ಟಾರು ಬೇಕಾಗುತ್ತಿದ್ದುದರಿಂದಲೂ, ಕುರಿ ಸದ್ದಿಲ್ಲದೆ ಮರೆಯಾಗಿ ಹಡಗು ಉಳಿಯಿತು. ಕುರಿ ಸಾಕುವ ಮನೆಗಳಿಂದ ಬರುತ್ತಿದ್ದ ಸಹಪಾಠಿಗಳಿಗೆ ಈ ಗಾದೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಲ್ಲ ಗಾದೆಗಳೂ ಮೇಷ್ಟ್ರ ಪ್ರಶ್ನೆಗೆ ಮಣಿಯುತ್ತಿರಲಿಲ್ಲ. ಕುತೂಹಲ ಬೆಕ್ಕನ್ನು ಕೊಂದಿತು ಎಂಬುದರ ಹಿಂದೆ ಯಾವ ಕಸುಬೂ ಇಲ್ಲ. ಬೆನ್ ಜಾನ್ಸನ್ 1598ರಲ್ಲಿ ರಂಗಕ್ಕೆ ತಂದ ನಾಟಕದಲ್ಲಿ ಬೆಕ್ಕನ್ನು ಕೊಲ್ಲುವುದು ಕುತೂಹಲವಲ್ಲ, ಚಿಂತೆ. ಕುತೂಹಲ ಆ ಜಾಗಕ್ಕೆ ಬಂದದ್ದು ಬಹಳ ತಡವಾಗಿ. ಇಷ್ಟನ್ನು ಹೇಳಿ ಮೇಷ್ಟ್ರು ಹಲಗೆ ಒರೆಸಿ, ಮುಂದಿನ ಗಾದೆಗೆ ಹೋದರು.