ಪಹಣಿಯಲ್ಲಿ ಹೆಸರಿಲ್ಲದವರ ಬೆಳೆಹಾನಿ

ರಾಯಚೂರು, 12 ಅಕ್ಟೋಬರ್ 2025, ಭಾನುವಾರ

ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾಯ್ದು ಬಂದ ನೀರು, ನಮ್ಮ ಉತ್ತರಕ್ಕೆ ಕೃಷ್ಣೆಯನ್ನು ಕೂಡಿಕೊಂಡು ಈ ದಂಡೆಯ ಹೊಲಗಳಿಗೂ ನುಗ್ಗಿತು. ಅದಕ್ಕೂ ಮೊದಲೇ ಬಿಡದೆ ಸುರಿದ ಮಳೆಗೆ ಎರೆ ಹೊಲದ ಹತ್ತಿ, ತೊಗರಿಯ ಬೇರು ಕೊಳೆತಿತ್ತು. ಇಂದು ನದಿದಂಡೆಯ ಹಳ್ಳಿಯೊಂದರಲ್ಲಿ ಪರಿಹಾರಕ್ಕಾಗಿ ರೈತರ ಕಾಗದಪತ್ರ ಹೊಂದಿಸಿಕೊಡುತ್ತಾ ದಿನ ಕಳೆಯಿತು. ಅಲ್ಲಿ ಕೇಳಿದ ಒಂದು ಪ್ರಶ್ನೆಗೆ ಸಮಾಧಾನದ ಉತ್ತರ ಕೊಡಲಾಗದ ಕಾರಣ ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೇಳಿದವರು ನಾಲ್ಕು ಎಕರೆ ಹೊಲವನ್ನು ಲಾವಣಿಗೆ, ಅಂದರೆ ಹಣದ ಗೇಣಿಗೆ, ಹಾಕಿಕೊಂಡು ಹತ್ತಿ ಬಿತ್ತಿದವರು. ಹೊಲದ ಮಾಲೀಕರು ಪಟ್ಟಣದಲ್ಲಿದ್ದಾರೆ. ಲಾವಣಿಯ ಹಣವನ್ನು ಮುಂಗಡವಾಗಿಯೇ ಪಡೆದಿದ್ದಾರೆ. ಬೀಜ, ಗೊಬ್ಬರ, ಹುಳದ ಎಣ್ಣೆ (ಕೀಟನಾಶಕ) ಎಲ್ಲವೂ ಅಂಗಡಿಯಲ್ಲಿ ಉದ್ರಿ, ಅಂದರೆ ಸಾಲ. "ಸರ, ಹೊಲ ಅವರದು ಖರೆ, ಬೆಳಿ ನಂದು. ರೊಕ್ಕ ಯಾರ ಖಾತೆಗೆ ಬೀಳ್ತೈತ್ರಿ?" ಎಂದು ಅವರು ಕೇಳಿದರು. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ ಎಂದು ಹೇಳುವುದನ್ನು ಬಿಟ್ಟು ನನ್ನ ಬಳಿ ಬೇರೆ ಮಾತಿರಲಿಲ್ಲ.

ಸರ್ಕಾರ ಈ ಸಲ ಕೈಬಿಗಿ ಹಿಡಿದಿಲ್ಲ ಎಂಬುದನ್ನು ಒಪ್ಪಲೇಬೇಕು. ವಿಪತ್ತು ಪರಿಹಾರ ನಿಧಿಯ ನಿಯಮದಂತೆ, ಶೇ 33ರಷ್ಟು ಅಥವಾ ಅದಕ್ಕೂ ಹೆಚ್ಚು ಬೆಳೆ ಹಾಳಾದಲ್ಲಿ ಮಳೆಯಾಶ್ರಿತ (ಖುಷ್ಕಿ) ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ ಇದ್ದು, ಇವುಗಳ ಮೇಲೆ ರಾಜ್ಯವು ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸುವುದಾಗಿ ಘೋಷಿಸಿದೆ. ಹಾಗೆ ನೋಡಿದರೆ ಖುಷ್ಕಿ ಹೊಲಕ್ಕೆ ಎಕರೆಗೆ ಸುಮಾರು 6,900 ರೂಪಾಯಿ ಆಗುತ್ತದೆ. ಎರಡು ಹೆಕ್ಟೇರ್, ಅಂದರೆ ಐದು ಎಕರೆಗೆ ಹತ್ತಿರದ ಮಿತಿಯೂ ಇದೆ. ಸಣ್ಣ ಹಿಡುವಳಿದಾರರಿಗೆ ಅದು ಅಡ್ಡಿಯಾಗುವುದಿಲ್ಲ. ಹತ್ತಿಗೆ ಹಾಕಿದ ಖರ್ಚನ್ನು ಈ ಹಣ ತುಂಬಿಕೊಡಲಾರದು, ಆದರೆ ಮುಂದಿನ ಬಿತ್ತನೆಗೆ ಕೈಹಿಡಿಯುತ್ತದೆ. ಆ ಮುಂದಿನ ಬಿತ್ತನೆಯನ್ನು ಮಾಡಬೇಕಾದವರ ಕೈಗೇ ಹಣ ಸೇರುವುದಿಲ್ಲ ಎಂಬುದು ನನ್ನ ಸಂಕಟ.

ಇದು ಯಾವುದೋ ಅಧಿಕಾರಿಯ ನಿರ್ಲಕ್ಷ್ಯದಿಂದ ಆದದ್ದಲ್ಲ. 1974ರ ಭೂಸುಧಾರಣೆಯ ನಂತರ ನಮ್ಮ ರಾಜ್ಯದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾನೂನಿನ ಒಪ್ಪಿಗೆ ಇಲ್ಲ. ಉಳುವವನಿಗೇ ಭೂಮಿ ಕೊಟ್ಟ ಆ ಕಾನೂನಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಲಾವಣಿ, ಬೆಳೆಯಲ್ಲಿ ಪಾಲು ಕೊಡುವ ಕೋರು ಇಂದಿಗೂ ಊರೂರಲ್ಲಿ ನಡೆಯುತ್ತಲೇ ಇವೆ, ಎಲ್ಲವೂ ಬಾಯಿಮಾತಿನಲ್ಲಿ. ಬರಹದಲ್ಲಿ ಕೊಟ್ಟರೆ ಹೊಲವೇ ಕೈಬಿಟ್ಟೀತು ಎಂಬ ಭಯ ಮಾಲೀಕರಿಗೆ. ಬರಹ ಕೇಳಿದರೆ ಬರುವ ವರ್ಷ ಹೊಲ ಸಿಗಲಿಕ್ಕಿಲ್ಲ ಎಂಬ ಭಯ ಹೊಲ ಮಾಡುವವರಿಗೆ. ಬೆಳೆವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಗೇಣಿದಾರರಿಗೂ ಕೋರುದಾರರಿಗೂ ಅವಕಾಶವಿದೆ. ಅಲ್ಲಿಯೂ ಕೇಳುವುದು ಆ ಬರಹವನ್ನೇ. ನೆರೆಹಾವಳಿಯಲ್ಲಿ ಬೆಳೆಸಾಲವನ್ನು ಅವಧಿ ಸಾಲವಾಗಿ ಬದಲಿಸಿ ಕಂತಿಗೆ ಬಿಡುವು ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ದಾರಿಯಿದೆ. ಉದ್ರಿ ಅಂಗಡಿಯ ಸಾಲಕ್ಕೆ ಅಂಥ ದಾರಿ ಎಲ್ಲಿದೆ?

ನಮ್ಮ ಗಡಿಯಾಚೆಯ ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕುಗಳ ಕಾನೂನು ತಂದಿತು. ಮಾಲೀಕರ ಒಪ್ಪಿಗೆಯೊಂದಿಗೆ 11 ತಿಂಗಳ ಕರಾರಿನ ಮೇಲೆ ಗೇಣಿದಾರರಿಗೆ ಒಂದು ಕಾರ್ಡ್ ಕೊಡುತ್ತಾರೆ. ಅದರಿಂದ ಜಮೀನಿನ ಒಡೆತನಕ್ಕೆ ಧಕ್ಕೆಯಿಲ್ಲ, ಬೆಳೆಗೆ ಸಂಬಂಧಿಸಿದ ಸಾಲ, ವಿಮೆ, ಪರಿಹಾರಗಳಿಗೆ ಮಾತ್ರ ಅದು ಆಧಾರ. ಮಾಲೀಕರ ಸಹಿ ಬೇಕೆಂಬ ಷರತ್ತೇ ಅಲ್ಲಿಯೂ ಹಲವರಿಗೆ ತೊಡಕಾಗಿದೆ ನಿಜ. ಆದರೂ ಬೆಳೆಯ ಹಕ್ಕನ್ನು ಭೂಮಿಯ ಹಕ್ಕಿನಿಂದ ಬೇರೆ ಮಾಡಿ ನೋಡಿದ ಆ ಕ್ರಮ ಸರಿಯಾದುದು, ನಮ್ಮಲ್ಲಿಯೂ ಬರಬೇಕಾದುದು ಎಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮಲ್ಲಿ ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಚಿತ್ರ ಸಮೇತ ಬೆಳೆ ದಾಖಲಾಗುತ್ತಿದೆ. ಅದರಲ್ಲಿ ಬೆಳೆದವರ ಹೆಸರಿಗೆ ಒಂದು ಸ್ಥಾನ ಕೊಡುವುದು ಅಸಾಧ್ಯದ ಕೆಲಸವಲ್ಲ.

ತಂದೆಯ ಹೆಸರಿನಲ್ಲಿಯೇ ಪಹಣಿ ಉಳಿದಿರುವ ಮನೆಗಳೂ ಇಂದು ಸಿಕ್ಕವು. ಅವರಿಗೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಬರೆದುಕೊಟ್ಟೆ.

ಲಾವಣಿಯ ರೈತರ ಎದುರಿಗೇ ಮಾಲೀಕರಿಗೆ ಫೋನ್ ಮಾಡಿ, ಪರಿಹಾರದ ಹಣ ಬಂದರೆ ಬೆಳೆದವರಿಗೆ ಕೊಡಬೇಕೆಂದು ಕೇಳಿಕೊಂಡೆ. ಅರ್ಧ ಕೊಡುವುದಾಗಿ ಹೇಳಿದ್ದಾರೆ. ಪೂರ್ತಿ ಕೊಡುವುದು ನ್ಯಾಯವೆಂದು ಹಿರಿಯರಿಂದಲೂ ಹೇಳಿಸಬೇಕಾಗಿದೆ. ನೆಲದಲ್ಲಿ ಹಸಿ ಇರುವಾಗಲೇ ಬಿಳಿಜೋಳ, ಕಡಲೆ ಬೀಳಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಯ ಬೀಜ ಪಡೆಯಲೂ ಪಹಣಿದಾರರ ಹೆಸರೇ ಬೇಕಾಗುವುದರಿಂದ, ನಾಳೆ ಮಾಲೀಕರೊಂದಿಗೆ ಆ ಮಾತನ್ನೂ ಆಡಬೇಕು.